ದೀಪ ಬೇರೆ, ಬ್ರೇಕ್ ಬೇರೆ

ನಮ್ಮ ಮಂಗಳೂರಿನಲ್ಲಿ ಸಮತಟ್ಟಾದ ರಸ್ತೆ ಕಡಿಮೆ. ಕದ್ರಿಗೆ ಹೋಗಬೇಕಾದರೆ ಏರು. ಬಾವುಟಗುಡ್ಡೆಯಿಂದ ಹಂಪನಕಟ್ಟೆಗೆ ಬರಬೇಕಾದರೆ ಇಳಿಜಾರು. ಜೂನ್ ಬಂತೆಂದರೆ ಜಡಿಮಳೆ. ಹೆದ್ದಾರಿಯಲ್ಲಿ ಮೀನಿನ ಲಾರಿಯ ನೀರು ಸುರಿದರೆ ರಸ್ತೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ.

ಇಂಥ ಊರಿನಲ್ಲಿ ನಾವು ಬೈಕಿನಲ್ಲಿ ಓಡಾಡುತ್ತೇವೆ. ನಮ್ಮಲ್ಲಿ ಕೆಲವರು ಗಾಡಿ ಓಡಿಸುತ್ತೇವೆ. ಹೆಚ್ಚಿನವರು ಹಿಂದೆ ಕೂರುತ್ತೇವೆ. ತೊಡೆಯ ಮೇಲೆ ಮಗು, ಕೈಯಲ್ಲಿ ಬೀಡಿಯ ಚೀಲ. ಬ್ರೇಕ್ ಹಿಡಿಯದಿದ್ದರೆ ಬೀಳುವವರು ಯಾರು? ಓಡಿಸುವವರು ಮಾತ್ರವೇ? ನಾವೂ ಬೀಳುತ್ತೇವೆ, ಮಗುವೂ ಬೀಳುತ್ತದೆ. ಹಾಗಾದರೆ ಬ್ರೇಕಿನ ವಿಷಯ ನಮಗೆ ಗೊತ್ತಿರಬೇಡವೇ?

ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕನಿಗೆ ಏನಾಯಿತು, ಕೇಳಿ.

ಅವರ ಮನೆಯ ಬೈಕಿನ ಹಿಂದಿನ ಬ್ರೇಕ್ ಎರಡು ವಾರದಿಂದ ಮೆದುವಾಗಿತ್ತು. ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತಿತ್ತು. "ಇದು ಯಾಕೆ ಹೀಗೆ?" ಎಂದು ಅಕ್ಕ ಕೇಳಿದರು. "ಇದು ಎ.ಬಿ.ಎಸ್. ಗಾಡಿ ಮಾರಾಯ್ತಿ. ದೀಪ ಹತ್ತಿದೆಯಾ? ಇಲ್ಲವಲ್ಲ. ಏನೂ ಆಗುವುದಿಲ್ಲ" ಎಂದರು ಗಂಡ.

ಒಂದು ದಿನ ಮಳೆ. ಬಾವುಟಗುಡ್ಡೆಯ ಇಳಿಜಾರು. ಎದುರಿನ ಬಸ್ಸು ಫಕ್ಕನೆ ನಿಂತಿತು. ಪೆಡಲ್ ತುಳಿದರೆ ಅದು ಸೀದಾ ಕೆಳಗೆ ಹೋಯಿತು. ಹಿಂದಿನ ಬ್ರೇಕ್ ಹಿಡಿಯಲೇ ಇಲ್ಲ. ಪುಣ್ಯಕ್ಕೆ ಮುಂದಿನ ಬ್ರೇಕ್ ಹಿಡಿಯಿತು. ಬಸ್ಸಿಗೆ ಒಂದು ಗೇಣು ಬಾಕಿ ಇರುವಾಗ ಬೈಕ್ ನಿಂತಿತು.

ಮರುದಿನ ಗ್ಯಾರೇಜಿಗೆ ಹೋದರು. "ಎ.ಬಿ.ಎಸ್. ಪೆಟ್ಟಿಗೆ ಹಾಳಾಗಿದೆ. ಬದಲಾಯಿಸಬೇಕು. ಸಾವಿರಾರು ರೂಪಾಯಿ ಆಗ್ತದೆ" ಎಂದರು. ಅಕ್ಕನಿಗೆ ಸಂಶಯ ಬಂತು. ಇನ್ನೊಂದು ಗ್ಯಾರೇಜಿಗೆ ಹೋದರು. ಅಲ್ಲಿ ಬಗ್ಗಿ ನೋಡಿದರು. ಪ್ಯಾಡ್ ಸವೆದಿತ್ತು. ಬ್ರೇಕ್ ದ್ರವ ಕೆಳಗಿನ ಗೆರೆಗಿಂತಲೂ ಕೆಳಗೆ ಇಳಿದಿತ್ತು. ಕೊಳವೆಗೆ ಗಾಳಿ ಸೇರಿತ್ತು. ಹೊಸ ಪ್ಯಾಡ್ ಹಾಕಿದರು. ಹೊಸ ದ್ರವ ತುಂಬಿಸಿ ಗಾಳಿ ತೆಗೆದರು. ಬ್ರೇಕ್ ಸರಿಯಾಯಿತು. ಪೆಟ್ಟಿಗೆಗೆ ಏನೂ ಆಗಿರಲಿಲ್ಲ.

ತಪ್ಪು ಎಲ್ಲಿ ಆಯಿತು? ಗಂಡ ದೀಪ ನೋಡಿದರು, ಬ್ರೇಕ್ ನೋಡಲಿಲ್ಲ. ಮೊದಲ ಗ್ಯಾರೇಜಿನವರೂ ಬ್ರೇಕ್ ನೋಡಲಿಲ್ಲ. ದೀಪ ಬೇರೆ, ಬ್ರೇಕ್ ಬೇರೆ. ಇದೇ ಇವತ್ತಿನ ಪಾಠ.

ಬ್ರೇಕ್ ಹೇಗೆ ಹಿಡಿಯುತ್ತದೆ?

ಹಿಂದಿನ ಚಕ್ರದಲ್ಲಿ ಉಕ್ಕಿನ ಒಂದು ತಟ್ಟೆ ಇದೆ. ಅದಕ್ಕೆ ಡಿಸ್ಕ್ ಎನ್ನುತ್ತಾರೆ. ಅದರ ಎರಡು ಬದಿಯಲ್ಲಿ ಎರಡು ಪ್ಯಾಡ್ ಇವೆ. ನಾವು ಪೆಡಲ್ ತುಳಿದಾಗ ಕೊಳವೆಯೊಳಗಿನ ದ್ರವ ಪ್ಯಾಡನ್ನು ಒತ್ತುತ್ತದೆ. ಪ್ಯಾಡ್ ತಟ್ಟೆಯನ್ನು ಚಿಮಟದ ಹಾಗೆ ಹಿಡಿಯುತ್ತದೆ. ಚಕ್ರ ನಿಲ್ಲುತ್ತದೆ.

ಮನೆಯಲ್ಲಿ ಒಂದು ಪರೀಕ್ಷೆ ಮಾಡಿ ನೋಡಿ. ಪ್ಲಾಸ್ಟಿಕ್ ಬಾಟಲಿಯ ಬಾಯಿವರೆಗೆ ನೀರು ತುಂಬಿ ಮುಚ್ಚಳ ಬಿಗಿ ಮಾಡಿ. ಒತ್ತಿ ನೋಡಿ. ಗಟ್ಟಿ ಇರುತ್ತದೆ. ಈಗ ಅರ್ಧ ನೀರು ಚೆಲ್ಲಿ ಮತ್ತೆ ಮುಚ್ಚಿ ಒತ್ತಿ. ಮೆತ್ತಗೆ ಕುಗ್ಗುತ್ತದೆ. ಯಾಕೆ? ಒಳಗೆ ಗಾಳಿ ಇದೆ. ಬ್ರೇಕಿನ ಕೊಳವೆಯೂ ಹಾಗೆಯೇ. ಗಾಳಿ ಸೇರಿದರೆ ಪೆಡಲ್ ಮೆದುವಾಗುತ್ತದೆ. ನಮ್ಮ ಕಾಲಿನ ಬಲ ಪ್ಯಾಡಿಗೆ ಮುಟ್ಟುವುದಿಲ್ಲ.

ಎ.ಬಿ.ಎಸ್. ಎಂದರೇನು?

ಜಾರುವ ರಸ್ತೆಯಲ್ಲಿ ಬ್ರೇಕ್ ಜೋರಾಗಿ ಹಾಕಿದರೆ ಚಕ್ರ ಕಚ್ಚಿ ನಿಲ್ಲುತ್ತದೆ. ಆದರೆ ಗಾಡಿ ನಿಲ್ಲುವುದಿಲ್ಲ, ಜಾರುತ್ತದೆ. ಒದ್ದೆ ಜಗಲಿಯಲ್ಲಿ ನಮ್ಮ ಕಾಲು ಜಾರುವ ಹಾಗೆ. ಚಕ್ರ ಹೀಗೆ ಕಚ್ಚದಂತೆ ತಡೆಯುವ ಏರ್ಪಾಡೇ ಎ.ಬಿ.ಎಸ್.

ಚಕ್ರದ ಬಳಿ ಕಿಂಡಿ ಕಿಂಡಿಯಾದ ಒಂದು ಬಳೆ ಇದೆ. ಅದರ ಹತ್ತಿರ ಸೆನ್ಸರ್ ಎಂಬ ಸಣ್ಣ ಸಾಧನ ಇದೆ. ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತದೆ ಎಂದು ಸೆನ್ಸರ್ ಎಣಿಸುತ್ತದೆ. ಚಕ್ರ ಕಚ್ಚುವ ಸೂಚನೆ ಸಿಕ್ಕಿದರೆ ಎ.ಬಿ.ಎಸ್. ಪೆಟ್ಟಿಗೆ ದ್ರವದ ಒತ್ತಡವನ್ನು ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಒಂದು ಸೆಕೆಂಡಿನಲ್ಲಿ ಹಲವು ಸಲ ಹೀಗೆ ಮಾಡುತ್ತದೆ. ಆಗ ಪೆಡಲ್ ಕಾಲಿಗೆ ಡಬಡಬ ಬಡಿಯುತ್ತದೆ. ಹೆದರಬೇಡಿ. ಕಾಲು ತೆಗೆಯಬೇಡಿ. ಅದು ಕೆಲಸ ಮಾಡುತ್ತಿದೆ ಎಂದು ಅರ್ಥ.

ನಮ್ಮ ದೇಶದಲ್ಲಿ 125 ಸಿ.ಸಿ.ಗಿಂತ ದೊಡ್ಡ ಬೈಕಿಗೆ ಎ.ಬಿ.ಎಸ್. ಕಡ್ಡಾಯ. 2018ರ ಏಪ್ರಿಲ್ 1ರಿಂದ ಹೊಸ ಮಾದರಿಗಳಿಗೆ, 2019ರ ಏಪ್ರಿಲ್ 1ರಿಂದ ಹೊಸದಾಗಿ ತಯಾರಾಗುವ ಎಲ್ಲಾ ಬೈಕುಗಳಿಗೆ ಈ ನಿಯಮ ಬಂತು.

ಆದರೆ ಒಂದು ಮಾತು ನೆನಪಿಡಿ. ಅನೇಕ ಬೈಕುಗಳಲ್ಲಿ ಎ.ಬಿ.ಎಸ್. ಮುಂದಿನ ಚಕ್ರಕ್ಕೆ ಮಾತ್ರ ಉಂಟು. ಅದಕ್ಕೆ ಸಿಂಗಲ್ ಚಾನೆಲ್ ಎನ್ನುತ್ತಾರೆ. ಅಂಥ ಗಾಡಿಯ ಹಿಂದಿನ ಚಕ್ರ ಕಚ್ಚಿ ಜಾರಬಹುದು. ಅದು ಕೆಟ್ಟದ್ದಲ್ಲ, ಅದು ಇರುವುದೇ ಹಾಗೆ. ಎರಡೂ ಚಕ್ರಕ್ಕೆ ಇದ್ದರೆ ಡ್ಯುಯಲ್ ಚಾನೆಲ್. ನಿಮ್ಮ ಗಾಡಿ ಯಾವುದು? ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬರೆದಿದೆ. ಓದಿ, ಇಲ್ಲವೇ ಓದಿಸಿ ಕೇಳಿ.

ದೀಪ ಏನು ಹೇಳುತ್ತದೆ?

ಹ್ಯಾಂಡಲಿನ ನಡುವೆ ಮೀಟರ್ ಇದೆ. ಅಲ್ಲಿ ಮೂರು ಇಂಗ್ಲಿಷ್ ಅಕ್ಷರಗಳ ಒಂದು ದೀಪ ಇದೆ. ಮೊದಲ ಅಕ್ಷರ ಗುಡಾರದ ಹಾಗೆ. ಎರಡನೆಯದು ಕೋಲಿಗೆ ಎರಡು ಹೊಟ್ಟೆ ಅಂಟಿಸಿದ ಹಾಗೆ. ಮೂರನೆಯದು ಹರಿಯುವ ಹಾವಿನ ಹಾಗೆ. ಇದೇ ಎ.ಬಿ.ಎಸ್. ದೀಪ.

ಕೀಲಿ ತಿರುಗಿಸಿದಾಗ ಈ ದೀಪ ಹತ್ತಬೇಕು. ಗಾಡಿ ಸ್ವಲ್ಪ ಮುಂದೆ ಹೋದ ಮೇಲೆ ಆರಬೇಕು. ಇದು ಸರಿಯಾದ ರೀತಿ. ಕೀಲಿ ತಿರುಗಿಸಿದಾಗ ಹತ್ತದೇ ಇದ್ದರೂ ತೋರಿಸಬೇಕು.

ಓಡುವಾಗಲೂ ದೀಪ ಆರದಿದ್ದರೆ ಎ.ಬಿ.ಎಸ್.ನಲ್ಲಿ ದೋಷ ಉಂಟು. ಸಾಮಾನ್ಯ ಬ್ರೇಕ್ ಆಗಲೂ ಹಿಡಿಯುತ್ತದೆ. ಆದರೆ ಚಕ್ರ ಕಚ್ಚಬಹುದು. ನಿಧಾನವಾಗಿ ಹೋಗಿ ಗ್ಯಾರೇಜಿಗೆ ತೋರಿಸಿ. ಕಾರಣ ಕೆಲವೊಮ್ಮೆ ಸಣ್ಣದು. ಸೆನ್ಸರಿಗೆ ಕೆಸರು ಮೆತ್ತಿರಬಹುದು. ಅದರ ವಯರ್ ತುಂಡಾಗಿರಬಹುದು. ಪಂಕ್ಚರ್ ಹಾಕಿ ಚಕ್ರ ಜೋಡಿಸುವಾಗ ಕಿಂಡಿಯ ಬಳೆ ಬಾಗಿರಬಹುದು. ಬ್ಯಾಟರಿ ಸೋತಿರಬಹುದು, ಫ್ಯೂಸ್ ಹೋಗಿರಬಹುದು. ಇವನ್ನೆಲ್ಲ ನೋಡಿದ ಮೇಲೆಯೇ ಪೆಟ್ಟಿಗೆಯ ಮಾತು.

ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಮಾತ್ರ ತಿರುಗಿಸಿದರೂ ಕೆಲವು ಗಾಡಿಗಳಲ್ಲಿ ದೀಪ ಹತ್ತುತ್ತದೆ. ಒಂದು ಚಕ್ರ ತಿರುಗುತ್ತದೆ, ಇನ್ನೊಂದು ನಿಂತಿದೆ ಎಂದು ಅದಕ್ಕೆ ಗೊಂದಲ. ಕೀಲಿ ಆರಿಸಿ, ಮತ್ತೆ ಹಾಕಿ, ಸ್ವಲ್ಪ ಓಡಿಸಿ. ಆರಿದರೆ ಸರಿ.

ಈಗ ಮುಖ್ಯ ಮಾತು. ಪ್ಯಾಡ್ ಸವೆದರೆ ಈ ದೀಪಕ್ಕೆ ಗೊತ್ತಾಗುವುದಿಲ್ಲ. ಕೊಳವೆಗೆ ಗಾಳಿ ಸೇರಿದರೂ ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ಪೆಡಲ್.

ಪೆಡಲ್ ಏನು ಹೇಳುತ್ತದೆ?

ಗಾಡಿ ನಿಲ್ಲಿಸಿ. ಎಂಜಿನ್ ಆರಿಸಿ. ಪೆಡಲ್ ಒತ್ತಿ ನೋಡಿ.

1. ಪೆಡಲ್ ಮೆದುವಾಗಿದೆಯೇ? ಗಾಳಿ ಸೇರಿರಬಹುದು, ಇಲ್ಲವೇ ದ್ರವ ಸೋರುತ್ತಿರಬಹುದು. ಒತ್ತಿ ಹಿಡಿದರೆ ನಿಧಾನವಾಗಿ ಕೆಳಗಿಳಿಯುತ್ತದೆಯೇ? ಸೋರಿಕೆ ಇರಬಹುದು, ಒಳಗಿನ ರಬ್ಬರ್ ಹೋಗಿರಬಹುದು. ಅಂಥ ಗಾಡಿ ಓಡಿಸಬೇಡಿ.

2. ಪೆಡಲ್ ಗಟ್ಟಿ ಇದೆ, ಆದರೆ ಗಾಡಿ ನಿಲ್ಲುವುದಿಲ್ಲವೇ? ಪ್ಯಾಡಿಗೆ ಎಣ್ಣೆ ತಾಗಿರಬಹುದು. ಚೈನಿಗೆ ಎಣ್ಣೆ ಹಾಕುವಾಗ ಡಿಸ್ಕಿಗೂ ಹಾರುತ್ತದೆ.

3. ಕಿರ್ ಎಂದು ಕಬ್ಬಿಣ ಉಜ್ಜುವ ಸದ್ದು ಬರುತ್ತದೆಯೇ? ಪ್ಯಾಡ್ ಮುಗಿದಿರಬಹುದು. ಬಗ್ಗಿ, ಟಾರ್ಚ್ ಹಾಕಿ ನೋಡಿ. ಪ್ಯಾಡಿನ ದಪ್ಪ ಒಂದು ಮಿಲಿಮೀಟರಿಗೆ ಇಳಿಯುವ ಮೊದಲೇ ಬದಲಾಯಿಸಬೇಕು.

4. ಓಡಿ ಬಂದ ಮೇಲೆ ಹಿಂದಿನ ಡಿಸ್ಕ್ ದೋಸೆ ಕಾವಲಿಯ ಹಾಗೆ ಬಿಸಿಯೇ? ಮುಟ್ಟಬೇಡಿ, ಕೈ ಹತ್ತಿರ ಹಿಡಿದು ನೋಡಿ. ಬ್ರೇಕ್ ಬಿಡದೆ ಹಿಡಿದುಕೊಂಡಿದೆ. ಮಳೆಯ ಕೆಸರು, ಕಡಲಿನ ಉಪ್ಪುಗಾಳಿಯಿಂದ ತುಕ್ಕು ಹಿಡಿದು ಹೀಗಾಗುತ್ತದೆ. ಓಡಿಸುವವರು ಪೆಡಲ್ ಮೇಲೆ ಕಾಲು ಇಟ್ಟೇ ಇರುವುದೂ ಒಂದು ಕಾರಣ.

5. ಒಣ ರಸ್ತೆಯಲ್ಲಿ ಮೆಲ್ಲ ಒತ್ತಿದರೂ ಪೆಡಲ್ ಬಡಿಯುತ್ತದೆಯೇ? ಡಿಸ್ಕ್ ಬಾಗಿರಬಹುದು, ಇಲ್ಲವೇ ಸೆನ್ಸರಿನಲ್ಲಿ ದೋಷ ಇರಬಹುದು.

ಕೆಲವು ಬೈಕುಗಳ ಹಿಂದಿನ ಚಕ್ರಕ್ಕೆ ಡಿಸ್ಕ್ ಇಲ್ಲ, ಡ್ರಮ್ ಬ್ರೇಕ್ ಇದೆ. ಅದಕ್ಕೆ ದ್ರವ ಇಲ್ಲ. ಪೆಡಲ್ ಕೆಳಗೆ ಹೋದರೆ ಸರಳಿನ ನಟ್ ಬಿಗಿ ಮಾಡಿಸಬೇಕು. ಒಳಗಿನ ಶೂ ಸವೆದಿದ್ದರೆ ಬದಲಾಯಿಸಬೇಕು.

ದ್ರವದ ಡಬ್ಬಿ ನೋಡೋಣ

ಹಿಂದಿನ ಬ್ರೇಕಿನ ದ್ರವಕ್ಕೆ ಒಂದು ಸಣ್ಣ ಡಬ್ಬಿ ಇದೆ. ಅದರ ಮೇಲೆ ಎರಡು ಗೆರೆ. ದ್ರವ ಎರಡು ಗೆರೆಗಳ ನಡುವೆ ಇರಬೇಕು. ಕೆಳಗಿನ ಗೆರೆಗೆ ಬಂದರೆ ಎರಡು ಕಾರಣ: ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಕಾರಣ ಹುಡುಕದೆ ಬರೀ ದ್ರವ ತುಂಬಿಸಿದರೆ ಸಾಲದು.

ಮಳೆಗಾಲದಲ್ಲಿ ಉಪ್ಪು ನೀರಾಗುವುದನ್ನು ನಾವು ನೋಡಿದ್ದೇವೆ. ಬ್ರೇಕ್ ದ್ರವವೂ ಉಪ್ಪಿನ ಹಾಗೆ ಗಾಳಿಯ ತೇವ ಹೀರುತ್ತದೆ. ಡಾಟ್ 4 ಎಂಬ ಹೊಸ ದ್ರವ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಸೇರಿದರೆ ಸುಮಾರು 155 ಡಿಗ್ರಿಗೇ ಕುದಿಯಬಹುದು. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಯೇ ಇದ್ದರೆ ಬಿಸಿ ಏರುತ್ತದೆ. ದ್ರವ ಕುದಿದು ಗುಳ್ಳೆ ಏಳುತ್ತದೆ. ಪೆಡಲ್ ಕೆಳಗೆ ಹೋಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ದ್ರವ ಬದಲಾಯಿಸಬೇಕು. ಯಾವ ದ್ರವ ಎಂದು ಡಬ್ಬಿಯ ಮುಚ್ಚಳದಲ್ಲೇ ಬರೆದಿದೆ. ಬೇರೆ ಎಣ್ಣೆ ಹಾಕಿದರೆ ರಬ್ಬರ್ ಉಬ್ಬಿ ಬ್ರೇಕ್ ಹಾಳಾಗುತ್ತದೆ.

ಇನ್ನೊಂದು ಮಾತು. ಇಬ್ಬರು ಕೂತಾಗ ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚು. ಆಗ ಹಿಂದಿನ ಬ್ರೇಕಿನ ಕೆಲಸವೂ ಹೆಚ್ಚು. ನಾವು ಹಿಂದೆ ಕೂರುವವರು ಇದನ್ನು ಕೇಳುವುದು ನಮ್ಮ ಹಕ್ಕು.

ಗ್ಯಾರೇಜಿನಲ್ಲಿ ಏನು ಹೇಳಬೇಕು?

"ಬ್ರೇಕ್ ಸರಿ ಇಲ್ಲ" ಎಂದು ಮಾತ್ರ ಹೇಳಬೇಡಿ. ಪೆಡಲ್ ಮೆದುವೋ, ಗಟ್ಟಿಯೋ ಹೇಳಿ. ಸದ್ದು ಉಂಟೋ ಹೇಳಿ. ದೀಪ ಯಾವಾಗ ಹತ್ತುತ್ತದೆ ಎಂದು ಹೇಳಿ. "ಮೊದಲು ಪ್ಯಾಡ್ ಮತ್ತು ದ್ರವ ನೋಡಿ. ಆಮೇಲೆ ಸೆನ್ಸರ್ ನೋಡಿ" ಎನ್ನಿ. ತೆಗೆದ ಹಳೆಯ ಸಾಮಾನು ತೋರಿಸಲು ಹೇಳಿ. ಬಿಲ್ಲು ಕೇಳಿ. ಓದಿ ನೋಡಿ ಹಣ ಕೊಡಿ.

ಆ ಅಕ್ಕ ಈಗ ಪ್ರತಿ ಭಾನುವಾರ ಬೆಳಿಗ್ಗೆ ಡಬ್ಬಿಯ ಗೆರೆ ನೋಡುತ್ತಾರೆ. ಕೈಯಿಂದ ಪೆಡಲ್ ಒತ್ತುತ್ತಾರೆ. ಎರಡು ನಿಮಿಷದ ಕೆಲಸ. ಗಂಡ ಮೊದಲು ನಗುತ್ತಿದ್ದರು. ಈಗ "ನೋಡಿದೆಯಾ?" ಎಂದು ಅವರೇ ಕೇಳುತ್ತಾರೆ.

ನಾವೂ ನೋಡೋಣ ಅಲ್ಲವೇ?

ಹೇಳಿ ನೋಡೋಣ

1. ದೀಪ ಆರಿದೆ. ಪೆಡಲ್ ಮೆದುವಾಗಿದೆ. ಗಾಡಿ ಓಡಿಸಬಹುದೇ? ಯಾಕೆ?
2. ಡಬ್ಬಿಯ ದ್ರವ ಕಡಿಮೆಯಾಗಲು ಎರಡು ಕಾರಣ ಯಾವುವು?
3. ಪೆಡಲ್ ಡಬಡಬ ಬಡಿದರೆ ಯಾವಾಗ ಹೆದರಬೇಕಾಗಿಲ್ಲ?

ಓದಿ, ಬರೆಯಿರಿ

ಬ್ರೇಕ್, ಪೆಡಲ್, ಡಿಸ್ಕ್, ಪ್ಯಾಡ್, ದ್ರವ, ಸೆನ್ಸರ್, ಗೆರೆ, ಇಳಿಜಾರು

ಮಾಡಿ ನೋಡಿ

ನಿಮ್ಮ ಮನೆಯ ಅಥವಾ ನೆರೆಮನೆಯ ಬೈಕಿನ ದ್ರವದ ಡಬ್ಬಿ ಹುಡುಕಿ. ದ್ರವ ಯಾವ ಗೆರೆಯಲ್ಲಿದೆ? ಪುಸ್ತಕದಲ್ಲಿ ಬರೆಯಿರಿ. ತಾರೀಕನ್ನೂ ಹಾಕಿ. ಒಂದು ತಿಂಗಳ ಬಳಿಕ ಮತ್ತೆ ನೋಡಿ.