ಕೊಲೊರೆಕ್ಟಲ್ ಸರ್ಜನ್ ಆಗಬೇಕೆ? ತರಬೇತಿಯನ್ನು ಮೊದಲು ನೀವೇ ಪರೀಕ್ಷಿಸಿ

ಎಂಎಸ್ ಮುಗಿಯಿತು. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಮುಂಬೈಗೆ ಹೊರಟಿದ್ದೀರಿ. ಆಸ್ಪತ್ರೆಯ ಹೆಸರು ನೋಡಿ ಸೀಟು ಹಿಡಿಯಬೇಡಿ. ಇಷ್ಟನ್ನು ವಿಚಾರಿಸಿ.

1. ಕೋರ್ಸ್ ತಿಳಿದುಕೊಳ್ಳಿ. ನೀಟ್-ಎಸ್‌ಎಸ್ ಬರೆದು ಸೇರುವ ಸರ್ಜಿಕಲ್ ಗ್ಯಾಸ್ಟ್ರೋ, ಸರ್ಜಿಕಲ್ ಆಂಕಾಲಜಿ ಎಂಸಿಎಚ್ 3 ವರ್ಷದ್ದು. ದೊಡ್ಡ ಕರುಳು ಅದರಲ್ಲೊಂದು ಪಾಲು ಮಾತ್ರ. ಫೆಲೋಶಿಪ್‌ಗಳ ಅವಧಿ, ಮಾನ್ಯತೆ ಒಂದೊಂದು ಕಡೆ ಒಂದೊಂದು ಥರ. ಸರ್ಟಿಫಿಕೇಟ್ ಕೊಡುವವರು ಯಾರೆಂದು ಬರವಣಿಗೆಯಲ್ಲೇ ಪಡೆಯಿರಿ.

2. ಲಾಗ್‌ಬುಕ್ ನೋಡಿ. ಈಗಿನ ಫೆಲೋಗಳನ್ನು ನೇರವಾಗಿ ಕೇಳಿ: ಎಷ್ಟು ಕೇಸಿಗೆ ಕ್ಯಾಮೆರಾ ಹಿಡಿದಿರಿ, ಎಷ್ಟನ್ನು ಸ್ವತಃ ಮಾಡಿದಿರಿ? ‘ಹೇಗಪ್ಪಾ ಕೇಳೋದು’ ಎಂಬ ಅಳುಕು ಬರೀ ಅಭ್ಯಾಸ. ಬಿಟ್ಟುಬಿಡಿ.

3. ಪೆಥಾಲಜಿ ರಿಪೋರ್ಟ್ ಹಿಂಬಾಲಿಸಿ. ನನ್ನ ಮಟ್ಟಿಗೆ ಇದೇ ಅಸಲಿ ಪರೀಕ್ಷೆ. ಗುದನಾಳದ ಕ್ಯಾನ್ಸರಿನಲ್ಲಿ ಗಡ್ಡೆಯನ್ನು ಸುತ್ತಲಿನ ಕೊಬ್ಬಿನ ಹೊದಿಕೆಯ ಸಮೇತ ಇಡಿಯಾಗಿ ತೆಗೆಯಬೇಕು. ಬ್ರಿಟನ್ನಿನ ಬಿಲ್ ಹೀಲ್ಡ್ 1982ರಲ್ಲಿ ಪ್ರಕಟಿಸಿದ ಟಿಎಂಇ ವಿಧಾನದ ತಿರುಳು ಇದು. ಹೊದಿಕೆ ಹರಿದಿದೆಯೇ? ಕ್ಯಾನ್ಸರ್ ಕತ್ತರಿಸಿದ ಅಂಚಿನಿಂದ 1 ಮಿ.ಮೀ.ಗಿಂತ ಹೆಚ್ಚು ದೂರವಿದೆಯೇ? ಕನಿಷ್ಠ 12 ದುಗ್ಧಗ್ರಂಥಿ ಸಿಕ್ಕಿವೆಯೇ? (ಮೊದಲೇ ರೇಡಿಯೇಶನ್ ಆಗಿದ್ದರೆ ಕಡಿಮೆ ಸಿಗುವುದುಂಟು.) ಈ ಉತ್ತರಗಳು ಟ್ರೈನಿಯ ಕೈಗೆ ವಾಪಸ್ ಬರುತ್ತವೆಯೇ, ಮೀಟಿಂಗಿನಲ್ಲಿ ಚರ್ಚೆಯಾಗುತ್ತವೆಯೇ, ವಿಚಾರಿಸಿ. ತನ್ನ ಕೊಯ್ತದ ಫಲಿತಾಂಶ ನೋಡದವನು ನೂರು ಕೇಸಿನಲ್ಲೂ ಅದೇ ತಪ್ಪು ಮಾಡುತ್ತಾನೆ.

4. ವಿಡಿಯೊ ಇಡಿ. ಇಂಗ್ಲೆಂಡಿನ ಲ್ಯಾಪ್ಕೊ ತರಬೇತಿಯಲ್ಲಿ ಸರ್ಜನ್ನರು ಎಡಿಟ್ ಮಾಡದ ಆಪರೇಶನ್ ವಿಡಿಯೊ ಕೊಟ್ಟು, ಪರಿಣತರ ಅಂಕ ಪಡೆದೇ ಪಾಸಾಗಬೇಕಿತ್ತು. ರೋಗಿಯ ಒಪ್ಪಿಗೆ ಪಡೆದು ನೀವೂ ರೆಕಾರ್ಡ್ ಮಾಡಿ, ಸೀನಿಯರ್‌ಗೆ ತೋರಿಸಿ.

5. ಲೀಕ್ ಲೆಕ್ಕ ಕೇಳಿ. ಕರುಳು ಜೋಡಿಸಿದ ಜಾಗ ಎಷ್ಟು ಜನರಲ್ಲಿ ಸೋರಿತು, ಕ್ಯಾನ್ಸರ್ ಎಷ್ಟು ಜನರಲ್ಲಿ ಮರಳಿತು? ಹೀಗೆ ಲೆಕ್ಕವಿಟ್ಟಿದ್ದರಿಂದಲೇ ನಾರ್ವೆಗೆ ಟಿಎಟಿಎಂಇ ಎಂಬ ಹೊಸ ವಿಧಾನವನ್ನು ನಿಲ್ಲಿಸಲು ಸಾಧ್ಯವಾಯಿತು.

6. ಎರಡೂ ಬಗೆಯ ಓಪಿಡಿ ನೋಡಿ. ಪರೇಲ್‌ನಲ್ಲಿ 1941ರಿಂದಿರುವ ಟಾಟಾ ಮೆಮೋರಿಯಲ್‌ನಲ್ಲಿ ಕಾಣುವುದು ಕ್ಯಾನ್ಸರ್. ಹತ್ತಿರದ ಕೆಇಎಂನಂಥ ಮುನ್ಸಿಪಲ್ ಆಸ್ಪತ್ರೆಗೆ ಪೈಲ್ಸ್, ಫಿಸ್ಟುಲಾ, ಮಧ್ಯರಾತ್ರಿಯ ಎಮರ್ಜೆನ್ಸಿ ಎಲ್ಲ ಬರುತ್ತವೆ. ಒಂದನ್ನೇ ಕಲಿತರೆ ಅರ್ಧ ಸರ್ಜನ್.

7. ಸ್ಟೋಮಾ ನರ್ಸ್ ಹತ್ತಿರ ಕಲಿಯಿರಿ. ರೋಗಿಯೊಡನೆ ಮಾತಾಡಲು ಮರಾಠಿಯನ್ನೂ ಕಲಿಯಿರಿ. ಆಪರೇಶನ್ನಿಗೆ ಮೊದಲೇ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ಹೊಟ್ಟೆಯ ಮೇಲೆ ಗುರುತು ಹಾಕಿ. ಚರ್ಮದ ಮಡಿಕೆಯಲ್ಲಿ ಸ್ಟೋಮಾ ಬಂದರೆ ಬ್ಯಾಗ್ ಅಂಟಿ ನಿಲ್ಲುವುದಿಲ್ಲ. ಆ ರೋಗಿ ವಿರಾರ್ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಮತ್ತೆ ಕೆಲಸಕ್ಕೆ ಹೋಗಬೇಕಾದವರು.