ಆನೆಗೊಂದಿಗೆ ಮೊದಲ ಸಲ ಬರುವವರಿಗೆ

ಹಂಪಿ ನೋಡಿದ ಮೇಲೆ ಎರಡು ತಾಸು ಉಳಿದರೆ ಇತ್ತಲೂ ಒಂದು ಸುತ್ತು ಹಾಕೋಣ ಎಂದುಕೊಂಡು ಬರಬೇಡಿ. ವಿಜಯನಗರ ಕಟ್ಟುವ ಮೊದಲೇ ಇದ್ದ ಊರು ಇದು. ಇದಕ್ಕೆ ಪೂರಾ ಒಂದು ದಿನ ಕೊಡಿ.

ಮಾಡಬೇಕಾದ್ದು

ಅಂಜನಾದ್ರಿ ಬೆಟ್ಟವನ್ನು ಹೊತ್ತು ಹುಟ್ಟುತ್ತಲೇ ಹತ್ತಿ. ಮೆಟ್ಟಿಲು 575. ಬೇಸಿಗೆಯಲ್ಲಿ ಬಿಸಿಲೇರಿದರೆ ಬರಿಗಾಲಿನವರು ಕಲ್ಲಿನ ಮೇಲೆ ನಿಲ್ಲಲಾರರು. ವಯಸ್ಸಾದವರನ್ನು ಅವಸರ ಮಾಡಬೇಡಿ, ನಡುನಡುವೆ ಕೂರಿಸಿ.

ಶನಿವಾರ, ಭಾನುವಾರ ಬಿಟ್ಟು ಬನ್ನಿ. ಡಿಸೆಂಬರಿನ ಹನುಮಮಾಲೆ ವಿಸರ್ಜನೆಗೆ ಮಾಲಾಧಾರಿಗಳು ಸಾವಿರಗಟ್ಟಲೆ ಸೇರುತ್ತಾರೆ. ಬರೀ ನೋಡಲು ಬರುವವರು ಆ ದಿನ ಬೆಟ್ಟವನ್ನು ಅವರಿಗೇ ಬಿಟ್ಟುಕೊಡಬೇಕು. ಹುಲಿಗಿಯ ದೇವಸ್ಥಾನಕ್ಕೂ ಹೋಗುವವರು ಜನಸಂದಣಿಯ ಮಂಗಳವಾರ, ಶುಕ್ರವಾರ, ಹುಣ್ಣಿಮೆ ತಪ್ಪಿಸಿ.

ನವಬೃಂದಾವನ ಇರುವುದು ಹೊಳೆಯ ನಡುಗಡ್ಡೆಯಲ್ಲಿ. ತುಂಗಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಟ್ಟಿದ್ದಾರೆಯೇ ಎಂದು ಮನೆ ಬಿಡುವ ಮುಂಚೆಯೇ ವಿಚಾರಿಸಿ. ಬಿಟ್ಟಿದ್ದರೆ ದೋಣಿ ಇರುವುದಿಲ್ಲ.

ಮಾಡಬಾರದ್ದು

ದೋಣಿಯವರು ಆಗುವುದಿಲ್ಲ ಎಂದ ಮೇಲೆ ಹೆಚ್ಚು ದುಡ್ಡು ಕೊಡುತ್ತೇವೆಂದು ಒತ್ತಾಯಿಸಬಾರದು. ಲೈಫ್ ಜಾಕೆಟ್ ಇಲ್ಲದೆ ಹರಿಗೋಲಿನಲ್ಲಿ ಕೂರಲೇಬಾರದು.

ಬಂಡೆಯಿಂದ ಹೊಳೆಗೆ ಜಿಗಿಯಬೇಡಿ. ನೀವು ಎಷ್ಟೇ ಚೆನ್ನಾಗಿ ಈಜಬಲ್ಲವರಾಗಿರಿ, ಜಿಗಿಯಬೇಡಿ. ನೀರಿನಡಿ ಬಂಡೆಗಳ ಸಂದು, ಪೊಟರೆಗಳಿವೆ. ಸೆಳೆತ ಮೇಲೆ ಕಾಣುವುದಿಲ್ಲ. 2025ರ ಫೆಬ್ರುವರಿಯಲ್ಲಿ ಸಣಾಪುರದ ಬಳಿ ಹೀಗೆ ಜಿಗಿದ ಪ್ರವಾಸಿಯೊಬ್ಬರು ಜೀವಂತ ಮೇಲೆ ಬರಲಿಲ್ಲ. ಕತ್ತಲಾದ ಮೇಲೆ ಅಲ್ಲಿಯ ಕಾಲುವೆ ದಂಡೆಯಲ್ಲಿ ಕೂರುವುದೂ ಬೇಡ.

ಮೆಟ್ಟಿಲ ದಾರಿಯಲ್ಲಿ ಬಾಳೆಹಣ್ಣು, ಬಿಸ್ಕತ್ತು ಕೈಯಲ್ಲಿ ಹಿಡಿಯಬೇಡಿ. ಮಂಗಗಳು ಕಿತ್ತುಕೊಳ್ಳುವಾಗ ಮಕ್ಕಳು ಕಾಲುಜಾರುತ್ತಾರೆ.

ಹಿರೇಬೆಣಕಲ್ಲಿನ ಮೊರೇರ ಗುಡ್ಡಕ್ಕೆ ಊರಿನವರೊಬ್ಬರ ಜೊತೆಯಿಲ್ಲದೆ ಹೋಗಬಾರದು. ಗುಡ್ಡಗಳಲ್ಲಿ ಚಿರತೆ, ಕರಡಿಗಳಿವೆ. ಅಲ್ಲಿಯ ಕಲ್ಲುಮನೆಗಳು ಒಂದಕ್ಕೊಂದು ಆತುಕೊಂಡ ಚಪ್ಪಡಿಗಳಷ್ಟೇ, ಗಾರೆಯಿಲ್ಲ. ಫೋಟೋಕ್ಕಾಗಿ ಮೇಲೆ ಹತ್ತಿದರೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಿಂತದ್ದು ಒಂದೇ ಗಳಿಗೆಯಲ್ಲಿ ಬೀಳಬಹುದು. ಅದನ್ನು ಮತ್ತೆ ನಿಲ್ಲಿಸಿದರೂ ಮೊದಲಿನದಾಗುವುದಿಲ್ಲ.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನವಿದೆ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿಕ್ಕಬೇಡಿ, ನೀರು ಸುರಿಯಬೇಡಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇಟಗಿ, ಕುಕನೂರಿನ ಗುಡಿಗಳನ್ನು ಇದೇ ದಿನಕ್ಕೆ ತುರುಕಬೇಡಿ. ಕಲ್ಯಾಣ ಚಾಲುಕ್ಯರ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇಟಗಿಯಲ್ಲಿ ಕಟ್ಟಿಸಿದ ಗುಡಿಗೇ ಅರ್ಧ ದಿನ ಬೇಕು. ರಾತ್ರಿ ಕೊಪ್ಪಳದಲ್ಲಿ ಉಳಿದು ಮಾರನೆಯ ಬೆಳಿಗ್ಗೆ ಹೋಗಿ.