‘ಕಳಿಸಿಬಿಡ್ತೀವಿ’ ಎನ್ನುವ ಮೊದಲು

ಪ್ರಶ್ನೆ: ನಾವು ರಬಕವಿ-ಬನಹಟ್ಟಿಯವರು, ಮನೆಯಲ್ಲೇ ಮಗ್ಗಗಳಿವೆ. ಎಂಟನೇ ತರಗತಿ ಓದುವ ಮಗಳಿದ್ದಾಳೆ. ಹೋದ ವರ್ಷ ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಬಾಲಮಂದಿರದಿಂದ ಹನ್ನೊಂದು ವರ್ಷದ ಹುಡುಗನನ್ನು ಪೋಷಣೆಗೆ ತಂದೆವು. ಅಪ್ಪ-ಅವ್ವ ಇಲ್ಲ. ತಂಗಿ ಬಾಲಕಿಯರ ಬಾಲಮಂದಿರದಲ್ಲಿದ್ದಾಳೆ. ಮೊದಮೊದಲು ಹೇಳಿದ್ದೆಲ್ಲ ಕೇಳುತ್ತಿದ್ದ. ಈಗ ರೊಟ್ಟಿ ಕದ್ದು ಹಾಸಿಗೆಯಲ್ಲಿ ಬಚ್ಚಿಡುತ್ತಾನೆ, ಸುಳ್ಳು ಹೇಳುತ್ತಾನೆ, ಬೀಳಗಿ ಕಡೆಯ ಅಜ್ಜಿಯ ಊರಿಗೆ ಎರಡು ಸಲ ಓಡಿಹೋದ. ಹಳೆಯದನ್ನು ಮರೆಯಲಿ ಅಂತ ಫೋನನ್ನೂ ಕೊಡುತ್ತಿಲ್ಲ. ‘ಹಿಂಗಾದ್ರ ಕಳಿಸಿಬಿಡ್ತೀವಿ’ ಅಂದರೂ ಕೇಳುವುದಿಲ್ಲ. ತಿರುಗಿ ಒಪ್ಪಿಸೋಣ ಎನ್ನುತ್ತಾರೆ ಯಜಮಾನರು. ಏನು ಮಾಡಲಿ?

ಉತ್ತರ: ತಂಗಿ, ಇಂಥ ಪೋಷಣೆ ಮುರಿದು ಬೀಳುವುದು ಬಹುಪಾಲು ಈ ಹಂತದಲ್ಲೇ. ಮೊದಮೊದಲು ಅವನು ನಿಮ್ಮ ಮನೆಗೆ ಬಂದ ಬೀಗರ ಹುಡುಗನಂತಿದ್ದ. ಈಗ ನಿಮ್ಮನ್ನು ಪರೀಕ್ಷಿಸುತ್ತಿದ್ದಾನೆ: ತಪ್ಪು ಮಾಡಿದರೂ ಇವರು ನನ್ನನ್ನು ಇಟ್ಟುಕೊಳ್ಳುತ್ತಾರಾ? ‘ಕಳಿಸಿಬಿಡ್ತೀವಿ’ ಅಂದಾಗಲೆಲ್ಲ ಇಲ್ಲ ಎಂಬ ಉತ್ತರ ಅವನಿಗೆ ಸಿಗುತ್ತಿದೆ. ಆ ಮಾತು ಇವತ್ತಿಗೇ ನಿಲ್ಲಲಿ.

ನಮ್ಮ ಜಮಖಂಡಿ, ಮುಧೋಳ ಸೀಮೆಯಲ್ಲಿ ಅಜ್ಜಿಯೋ ಸೋದರಮಾವನೋ ಸಾಕಿದ ಮಕ್ಕಳು ಮನೆಮನೆಗೂ ಸಿಗುತ್ತಾರೆ. ಅವರು ತಮ್ಮ ಬಳಗದೊಳಗೇ ಇರುತ್ತಾರೆ. ನಿಮ್ಮ ಹುಡುಗ ಬಳಗವನ್ನೇ ಬಿಟ್ಟು ಬಂದವನು, ಮೇಲಾಗಿ ತಂಗಿಯನ್ನೂ. ಮರೆಯಲಿ ಅಂತ ಫೋನು ತಪ್ಪಿಸಿದ್ದು ಒಳ್ಳೆಯದಕ್ಕೇ ಇರಬಹುದು, ಆದರೆ ಅವನನ್ನು ಓಡಿಸಿದ್ದೇ ಅದು ಅನಿಸುತ್ತದೆ ನನಗೆ. 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂ ಕೂಡ ಒಡಹುಟ್ಟಿದವರನ್ನು ಸಾಧ್ಯವಾದಷ್ಟು ಒಟ್ಟಿಗೇ ಇಡಲು ಪ್ರಯತ್ನಿಸಬೇಕು ಎನ್ನುತ್ತದೆ. ಅದು ಆಗಿಲ್ಲ. ಭೇಟಿಯಾದರೂ ಆಗಲಿ. ಅಜ್ಜಿಯ ಊರಿಗೆ ಹೋಗುವುದಕ್ಕೂ ತಂಗಿಯನ್ನು ನೋಡುವುದಕ್ಕೂ ಸಮಿತಿಯ ಒಪ್ಪಿಗೆ ಕೇಳಿ, ದಿನ ಗೊತ್ತುಮಾಡಿ, ನೀವೇ ಕರೆದುಕೊಂಡು ಹೋಗಿ. ಹೋಗುವ ದಿನ ಗೊತ್ತಿರುವ ಹುಡುಗನಿಗೆ ಓಡುವ ಅವಸರ ಕಡಿಮೆ.

ರೊಟ್ಟಿಯ ವಿಷಯಕ್ಕೆ ಕಳ್ಳತನದ ಹೆಸರು ಬೇಡ. ಹಸಿದ ನೆನಪು ಹೊಟ್ಟೆ ತುಂಬಿದ ಮೇಲೂ ಹೋಗುವುದಿಲ್ಲ. ಅವನ ಕೈಗೆ ಸಿಗುವಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಇಡಿ, ಕೇಳದೆ ತಿನ್ನು ಅಂತ ಹೇಳಿ. ಸರ್ಕಾರ ಕೊಡುವ ತಿಂಗಳ 4,000 ರೂಪಾಯಿಯ ಲೆಕ್ಕ ಅವನ ಮುಂದೆ ಎತ್ತಬೇಡಿ. ಮಗಳನ್ನೂ ಒಮ್ಮೆ ಒಬ್ಬಳನ್ನೇ ಕೂರಿಸಿಕೊಂಡು ಕೇಳಿ. ಅವಳ ಪಾಲಿನ ಅವ್ವ-ಅಪ್ಪ ಅರ್ಧವಾಗಿದ್ದಾರೆ. ಅವಳು ಸಿಟ್ಟು ನುಂಗಿಕೊಂಡೇ ಇದ್ದರೆ ಮನೆ ಒಳಗಿನಿಂದ ಒಡೆಯುತ್ತದೆ.

ಇದೆಲ್ಲ ನೀವೊಬ್ಬರೇ ಹೊರುವ ಭಾರವಲ್ಲ. ತಿಂಗಳಿಗೊಮ್ಮೆ ಬಂದು ಮಗುವನ್ನು ನೋಡುವುದು ಕಾಯ್ದೆಯಂತೆ ಸಮಿತಿಯ ಕೆಲಸ. ಬಾಗಲಕೋಟೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ನಿಮ್ಮ ಕಷ್ಟವನ್ನು ಬರೆದು ಕೊಡಿ, ಆಪ್ತಸಮಾಲೋಚಕರನ್ನು ಕೇಳಿ. ಮತ್ತೆ ಕಾಣೆಯಾದರೆ ಪೊಲೀಸರಿಗೂ 1098ಕ್ಕೂ ಕೂಡಲೇ ತಿಳಿಸಿ. ಇಷ್ಟಾದರೂ ಆಗಲಿಲ್ಲವೆಂದರೆ ನೀವು ಕೆಟ್ಟವರಲ್ಲ. ಆದರೆ ಒಂದು ಮುಂಜಾನೆ ದಿಢೀರನೆ ಬಿಟ್ಟು ಬರಬೇಡಿ. ಮೊದಲೇ ಅವನಿಗೆ ಹೇಳಿ, ಅವನ ಬಟ್ಟೆ-ಪುಸ್ತಕ ಕೊಟ್ಟು ಕಳಿಸಿ, ಆಮೇಲೂ ಹೋಗಿ ನೋಡಿ ಬನ್ನಿ.

ಸದ್ಯಕ್ಕೆ ಒಪ್ಪಿಸುವ ಮಾತು ಬದಿಗಿರಲಿ. ಯಜಮಾನರಿಗೆ ಈ ಪತ್ರ ಓದಿ ಹೇಳಿ, ತಂಗಿಯ ಭೇಟಿಗೆ ಈ ವಾರವೇ ಅರ್ಜಿ ಕೊಡಿ.